ಮೊದಲು ತಂಗಿ, ನಂತರ ಅಕ್ಕ

ನನ್ನ ತಂಗಿ ಮುಖದ ಕ್ರೀಮು ಮಾರುವ ಅಂಗಡಿಯಲ್ಲಿ ನಿಂತೇ ಮುದುಕಿಯಾದಳು. ಬೇರೆ ಅಂಗಡಿಯಾಗಿದ್ದರೆ ಯಾರೂ ಅದನ್ನು ದೊಡ್ಡದು ಮಾಡುತ್ತಿರಲಿಲ್ಲ. ಬೀಗದ ಅಂಗಡಿಯಲ್ಲಿ ನಿಂತು ಮುದುಕಿಯಾಗಬಹುದು, ಬಕೆಟ್ಟಿನ ಅಂಗಡಿಯಲ್ಲೂ ಆಗಬಹುದು. ಬಕೆಟ್ಟು ಕೊಳ್ಳಲು ಬಂದವರು ಮಾರುವವಳ ಹಣೆ ನೋಡುವುದಿಲ್ಲ. ಸುಕ್ಕು ಹೋಗಿಸುವ ಕ್ರೀಮಿನ ಅಂಗಡಿಯಲ್ಲಿ ಹಾಗಲ್ಲ. ಅಲ್ಲಿ ಡಬ್ಬಿಗಿಂತ ಮೊದಲು ಡಬ್ಬಿ ಹಿಡಿದವಳ ಮುಖ ಕಣ್ಣಿಗೆ ಬೀಳುತ್ತದೆ.

ಅಂಗಡಿಯ ಚಿಕ್ಕ ಯಜಮಾನ ಒಂದು ದಿನ ಅವಳನ್ನು ಪಕ್ಕಕ್ಕೆ ಕರೆದು ಬಹಳ ಮರ್ಯಾದೆಯಿಂದ ಹೇಳಿದನಂತೆ.

"ಆಂಟಿ, ಬೇಜಾರು ಮಾಡ್ಕೋಬೇಡಿ. ನೀವು ಡಬ್ಬಿ ಹಿಡ್ಕೊಂಡು ‘ಹಚ್ಚಿ ನೋಡಿ, ಗ್ಯಾರಂಟಿ’ ಅಂತೀರಿ. ಗಿರಾಕಿ ಡಬ್ಬಿ ನೋಡ್ತಾರೆ, ನಿಮ್ಮ ಮುಖ ನೋಡ್ತಾರೆ, ಡಬ್ಬಿ ಇಟ್ಟು ಹೋಗ್ತಾರೆ."

"ನಾನು ಹಚ್ಚಿಲ್ಲ ಅಂತ ಹೇಳಿಬಿಡ್ಲಾ?"

"ಹಚ್ಚಿಲ್ಲ ಅಂದ್ರೆ ‘ಯಾಕೆ ಹಚ್ಚಿಲ್ಲ’ ಅಂತಾರೆ. ಹಚ್ಚಿದ್ದೀನಿ ಅಂದ್ರೆ ಇನ್ನೂ ಕಷ್ಟ. ಈ ಸಲ ವರ್ಷದ ಸ್ಟಾಕ್ ಎಣಿಸೋದು ಮುಗೀಲಿ. ಆಮೇಲೆ ಹಿಂದೆ ಗೋಡೌನಲ್ಲಿ ಕೂತು ಡಬ್ಬಿಗೆ ಲೇಬಲ್ ಅಂಟಿಸಿ. ನೆರಳು, ಆರಾಮ."

ಮನೆಗೆ ಬಂದವಳೇ ತಂಗಿ ಚಪ್ಪಲಿ ಕೂಡ ಬಿಡದೆ ಕುರ್ಚಿಯಲ್ಲಿ ಕೂತಳು. "ನನ್ನನ್ನ ಗೋಡೌನಿಗೆ ಹಾಕ್ತಾನಂತೆ ಕಣೇ," ಎಂದಳು. ಹಳೆಯ ಪಾತ್ರೆ ಅಟ್ಟಕ್ಕೆ ಹಾಕುವ ಸುದ್ದಿ ಹೇಳುವವರ ಹಾಗೆ ಹೇಳಿದಳು. ಪಾತ್ರೆ ತಾನೇ ಎನ್ನುವುದನ್ನು ಮಾತ್ರ ಆ ದನಿ ಇನ್ನೂ ಒಪ್ಪಿಕೊಂಡಿರಲಿಲ್ಲ.

ಆ ಕೌಂಟರು ಅವಳಿಗೆ ಬರೀ ಕೆಲಸವಾಗಿರಲಿಲ್ಲ. ಅವಳು ಮದುವೆಯಾಗಲಿಲ್ಲ. ಮಕ್ಕಳು ಮರಿ, ಬೀಗರು ನೆಂಟರು ಎಲ್ಲವೂ ಅವಳಿಗೆ ಆ ಗಾಜಿನ ಹಲಗೆಯ ಆಚೆಗೆ ಬಂದು ಹೋಗುವ ಗಿರಾಕಿಗಳೇ. ಯಾರ ಸೊಸೆಗೆ ಯಾವ ಬಣ್ಣದ ಲಿಪ್‌ಸ್ಟಿಕ್ಕು ಒಗ್ಗುವುದಿಲ್ಲ, ಯಾರ ಗಂಡ ತಲೆಗೆ ಕದ್ದು ಬಣ್ಣ ಹಚ್ಚುತ್ತಾನೆ, ಎಲ್ಲ ಅವಳ ಬಾಯಲ್ಲಿ. ಗೋಡೌನಿನ ಡಬ್ಬಿಗಳ ಜೊತೆ ಅವಳು ಏನು ಮಾತಾಡಬೇಕು?

ನಾವಿಬ್ಬರೂ ಅವಳಿ. ಒಂದು ಲೋಟ ನೀರು ಕುಡಿದು ಮುಗಿಸುವಷ್ಟು ಹೊತ್ತು ಮೊದಲು ಹುಟ್ಟಿದ ತಪ್ಪಿಗೆ ನಾನು ಅಕ್ಕ. ನಮ್ಮಿಬ್ಬರದೂ ಒಂದೇ ಮೂಗು, ಒಂದೇ ಗಲ್ಲ. ವಯಸ್ಸಾದ ಮೇಲೆ ಸುಕ್ಕುಗಳೂ ಮಾತಾಡಿಕೊಂಡವರ ಹಾಗೆ ಇಬ್ಬರಿಗೂ ಅದೇ ಜಾಗದಲ್ಲಿ ಬಂದವು. ಆ ಅಂಗಡಿ ಶುರುವಾದಾಗ ಈಗಿನ ಯಜಮಾನನ ಅಪ್ಪ ಕೆಲಸಕ್ಕೆ ಹುಡುಗಿ ಬೇಕೆಂದಿದ್ದರು. ಇಬ್ಬರೂ ಹೋಗಿ ನಿಂತೆವು. ನಾನು ಬಾಯಿ ಬಿಡಲಿಲ್ಲ, ಅವಳು ಬಾಯಿ ಮುಚ್ಚಲಿಲ್ಲ. ಕೆಲಸ ಅವಳಿಗೆ ಸಿಕ್ಕಿತು. ನಾನು ದರ್ಜಿಗಳು ಕೊಟ್ಟ ಪ್ಯಾಂಟಿಗೆ ಅಂಚು ಹೊಲಿದು, ಕೋಟಿಗೆ ಗುಂಡಿ ಹಾಕಿ ದಿನ ತಳ್ಳಿದೆ. ನನ್ನ ಗಂಡ ತೀರಿಕೊಂಡ ಮೇಲೆ ಅವಳ ಮನೆಗೇ ಬಂದೆ. ಪ್ಯಾಂಟುಗಳು ಯಾವತ್ತೂ ನನ್ನ ಮುಖದ ಬಗ್ಗೆ ತಕರಾರು ಮಾಡಿದ್ದಿಲ್ಲ.

ಅದೇ ಹೊತ್ತಿಗೆ ಅಂಗಡಿಯ ಬೀದಿಯಲ್ಲೇ, ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ ಒಬ್ಬ ಚರ್ಮದ ಡಾಕ್ಟರು ಕ್ಲಿನಿಕ್ಕು ತೆರೆದ. ಕೆಳಗೆ ಸವೆದ ಟೈರಿಗೆ ಹೊಸ ರಬ್ಬರು ಹಾಕುತ್ತಿದ್ದರು, ಮೇಲೆ ಸವೆದ ಮುಖಕ್ಕೆ ಹೊಸ ಚರ್ಮ. ಡಾಕ್ಟರಿಗೆ ಮಿಷನ್ನು ಬಂದಿತ್ತು, ಜನ ಬಂದಿರಲಿಲ್ಲ. ಹತ್ತಿ ಕೊಳ್ಳಲು ಅಂಗಡಿಗೆ ಬಂದವನು ತಂಗಿಯ ಮುಖವನ್ನು ಬೆಳಕಿಗೆ ತಿರುಗಿಸಿ ನೋಡಿದನಂತೆ, ಮಾವಿನಹಣ್ಣು ಕೊಳ್ಳುವವರ ಹಾಗೆ.

"ಅಮ್ಮ, ನಿಮಗೆ ಪುಕ್ಕಟೆ ಮಾಡ್ತೀನಿ. ಒಂದೇ ಕಂಡೀಷನ್ನು. ಮಾಡೋಕೆ ಮುಂಚೆ ಒಂದು ಫೋಟೋ, ಆಮೇಲೆ ಒಂದು ಫೋಟೋ. ಎರಡೂ ಪಕ್ಕಪಕ್ಕ ಬೋರ್ಡಿಗೆ ಹಾಕ್ತೀನಿ."

ತಂಗಿ ನನ್ನನ್ನು ಕೇಳಲಿಲ್ಲ, ಹೇಳಿದಳು. ಸ್ಟಾಕ್ ಎಣಿಸುವ ಹೊತ್ತಿಗೆ ಮುಖ ಹೊಸದಾಗಬೇಕು, ಕೌಂಟರು ಉಳಿಯಬೇಕು. ಅಷ್ಟೇ ಲೆಕ್ಕ.

ಅವಳ ಜೊತೆಗೆ ನಾನೂ ಹೋದೆ. ಮೊದಲು ಅವಳ ಮುಖಕ್ಕೆ ಮರಗಟ್ಟಿಸುವ ಮುಲಾಮು ಮೆತ್ತಿ, ಮೇಲೆ ತೆಳು ಪ್ಲಾಸ್ಟಿಕ್ಕು ಸುತ್ತಿ ಕೂರಿಸಿದರು. ಫ್ರಿಜ್ಜಿನಲ್ಲಿಡುವ ಉಳಿಕೆ ಪಲ್ಯದ ಹಾಗೆ ಕಂಡಳು. ನಾನು ಡಾಕ್ಟರನ್ನು ಕೇಳಿದೆ, "ಇದರಲ್ಲಿ ಏನು ಮಾಡ್ತೀರಪ್ಪ?"

"ಬೆಳಕಿನಿಂದ ಮೇಲಿನ ಹಳೇ ಚರ್ಮ ಸುಡ್ತೀವಿ ಅಮ್ಮ. ಸುಟ್ಟಾಗ ಕೆಳಗಿಂದ ಹೊಸದು ಬರತ್ತೆ."

"ಒಲೆಗೆ ಕೈ ತಾಗಿದಾಗಲೂ ಹಾಗೇ ಆಗತ್ತಲ್ವಾ?"

"ಅದು ಸುಟ್ಟಗಾಯ. ಇದು ಟ್ರೀಟ್‌ಮೆಂಟು."

ಎರಡಕ್ಕೂ ವ್ಯತ್ಯಾಸವೇನೆಂದು ಕೇಳಲು ಹೋಗಲಿಲ್ಲ. ಒಲೆಯ ಮುಂದೆ ಕನ್ನಡಕ ಕೊಡುವುದಿಲ್ಲ, ಇಲ್ಲಿ ಎಲ್ಲರಿಗೂ ಒಂದೊಂದು ಕೊಟ್ಟರು. ನನಗೂ ಸಿಕ್ಕಿತು. ಮಿಷನ್ನು ಚಿಟಚಿಟ ಎನ್ನತೊಡಗಿತು. ನರ್ಸು ಒಂದು ಕೈಯಲ್ಲಿ ತಣ್ಣನೆಯ ಗಾಳಿಯ ಕೊಳವೆ, ಇನ್ನೊಂದರಲ್ಲಿ ಹೊಗೆ ಎಳೆಯುವ ಕೊಳವೆ ಹಿಡಿದು ನಿಂತಳು. ಕೋಣೆಯಲ್ಲಿ ಕೂದಲು ಸುಟ್ಟ ವಾಸನೆ. ತಂಗಿ ಕುರ್ಚಿಯ ಕೈ ಹಿಡಿದು ಮಿಸುಕದೆ ಮಲಗಿದ್ದಳು. ಹುಟ್ಟಿದಾಗಿನಿಂದ ಅವಳು ಅಷ್ಟು ಹೊತ್ತು ಸುಮ್ಮನಿದ್ದುದನ್ನು ನಾನು ನೋಡಿರಲಿಲ್ಲ. ಮಿಷನ್ನಿನಿಂದ ಏನೂ ಪ್ರಯೋಜನವಿಲ್ಲ ಎಂದು ಯಾರೂ ಹೇಳಬಾರದು.

ಬಲಗೆನ್ನೆ ಮುಗಿದು ಹಣೆಗೆ ಬಂದಿದ್ದರು. ಆಗ ನರ್ಸು "ಅಯ್ಯೋ, ಬಿಫೋರ್!" ಎಂದು ಕಿರುಚಿದಳು. ನಾನು ಎಲ್ಲೋ ಬೆಂಕಿ ಹತ್ತಿತೆಂದು ಎದ್ದು ನಿಂತೆ.

ಮೊದಲ ಫೋಟೋ ತೆಗೆದಿರಲೇ ಇಲ್ಲ. ನರ್ಸು ತೆಗೆದಿದ್ದಾಳೆಂದು ಡಾಕ್ಟರು, ಡಾಕ್ಟರು ತೆಗೆದಿದ್ದಾರೆಂದು ನರ್ಸು. ಮುಖದ ಅರ್ಧ ಕೆಂಪು ಇಟ್ಟಿಗೆಯಂತಾಗಿತ್ತು. ಇಬ್ಬರೂ ಹರಳೆಣ್ಣೆ ಕುಡಿದವರ ಮುಖ ಮಾಡಿಕೊಂಡು ಒಬ್ಬರನ್ನೊಬ್ಬರು ನೋಡಿದರು. ಆಮೇಲೆ, ಒಂದೇ ಸಲಕ್ಕೆ, ಇಬ್ಬರೂ ನನ್ನನ್ನು ನೋಡಿದರು.

"ಅಮ್ಮ," ಎಂದ ಡಾಕ್ಟರು, ದನಿಯಲ್ಲಿ ಜೇನು ಸುರಿಸುತ್ತ, "ನಿಮ್ಮಿಬ್ಬರದೂ ಒಂದೇ ಮುಖ ಅಲ್ವಾ?"

ಕುರ್ಚಿಯಿಂದ ತಂಗಿ, ತುಟಿ ಅಲ್ಲಾಡಿಸದೆ, "ಕೂತ್ಕೊಳ್ಳೇ, ನಿನ್ನ ಗಂಟೇನು ಹೋಗತ್ತೆ," ಎಂದಳು.

ನನ್ನನ್ನು ಗೋಡೆಗೆ ಒರಗಿಸಿ ಕೂರಿಸಿದರು. ಕೂದಲು ಸ್ವಲ್ಪ ಕೆದರಿದರು. ದೀಪವನ್ನು ಗದ್ದದ ಕೆಳಗಿನಿಂದ ಹಿಡಿದರು.

"ಅಮ್ಮ, ಸ್ವಲ್ಪ ದುಃಖದಲ್ಲಿರಿ," ಎಂದಳು ನರ್ಸು.

"ಯಾರಿಗೆ ಏನಾಯ್ತು?"

"ಯಾರಿಗೂ ಏನೂ ಆಗಿಲ್ಲ. ಮುಖಕ್ಕೆ ವಯಸ್ಸಾಯ್ತಲ್ಲ ಅಂತ ದುಃಖ."

"ಅದಕ್ಕೆ ದುಃಖ ಪಡಬೇಕು ಅಂತ ಇಷ್ಟು ದಿನ ಯಾರೂ ಹೇಳಲಿಲ್ವಲ್ಲ ನನಗೆ."

ನರ್ಸು ಕಿಸಕ್ಕನೆ ನಕ್ಕಳು. ಅವಳು ನಕ್ಕಿದ್ದಕ್ಕೆ ನಾನೂ ನಕ್ಕೆ. ಕ್ಯಾಮರಾ ಆಗಲೇ ಕ್ಲಿಕ್ ಎಂದಿತು. ನರ್ಸು ನೋಡಿ ತಲೆಯಾಡಿಸಿದಳು. "ಇದು ಬೇಡ. ಇದರಲ್ಲಿ ಚೆನ್ನಾಗಿ ಬಂದಿದ್ದೀರಿ."

ಆಮೇಲೆ ಹಲ್ಲುನೋವು ನೆನೆಸಿಕೊಂಡು ಕೂತೆ. ಅವರಿಗೆ ಬೇಕಾದದ್ದು ಸಿಕ್ಕಿತು.

ತಂಗಿಯ ಮುಖ ಊದಿ, ನೀರೊಸರಿ, ಹಕ್ಕಳೆಯಾಗಿ ಏಳತೊಡಗಿತು. ವ್ಯಾಸಲೀನು ಬಳಿದುಕೊಂಡು ಕಿಟಕಿ ಮುಚ್ಚಿದ ಕೋಣೆಯಲ್ಲಿ ಕೂತಿರಬೇಕು, ಬಿಸಿಲು ಒಂದು ಚೂರೂ ಬೀಳಕೂಡದು, ಕೆಂಪು ಹೋಗುವ ತನಕ ಅಂಗಡಿಯ ಕಡೆ ತಲೆ ಹಾಕಕೂಡದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದ. ಕೂತಿದ್ದಳು ಕೂಡ. ಗಂಜಿ ಕುಡಿಯಲು ಬಾಯಿ ತೆರೆದರೆ ಕೆನ್ನೆ ಬಿರಿಯುತ್ತಿತ್ತು. ನಗಬಾರದು, ಅಳಬಾರದು, ಆಕಳಿಸಬಾರದು. ಚೆಲುವು ಬರುವಾಗ ಮನುಷ್ಯರಿಗೆ ಬೇರೆ ಏನೂ ಬರಕೂಡದು ಎಂದು ಕಾಣುತ್ತದೆ.

ಅಷ್ಟರಲ್ಲಿ ಅಂಗಡಿಯಿಂದ ಸುದ್ದಿ ಬಂತು. ಕೌಂಟರಿಗೆ ಹೊಸ ಹುಡುಗಿ ಬಂದಿದ್ದಾಳೆ, ಎತ್ತರದ ಸ್ಟೂಲನ್ನು ತನ್ನ ಕಡೆಗೆ ಎಳೆದುಕೊಂಡಿದ್ದಾಳೆ.

"ನನ್ನ ಸ್ಟೂಲು!" ಎಂದು ತಂಗಿ ಎದ್ದಳು.

"ಇನ್ನೂ ಕೆಂಪು ಇಳಿದಿಲ್ಲ ಕಣೇ. ಡಾಕ್ಟ್ರು ಏನಂದ್ರು?"

"ಡಾಕ್ಟ್ರಿಗೇನು ಗೊತ್ತು? ಸ್ಟೂಲು ಹೋದ್ರೆ ಕೌಂಟರು ಹೋದ ಹಾಗೇ."

ಹೋದಳು. ಅಂಗಡಿಯ ಬಾಗಿಲು ಪೂರ್ತಿ ಗಾಜು, ಮುಖ ಪಶ್ಚಿಮಕ್ಕೆ. ಸಂಜೆಯ ಬಿಸಿಲು ನೇರ ಒಳಗೆ ಬಂದು ಕೌಂಟರಿನ ಮೇಲೆ ಗಿರಾಕಿಯ ಹಾಗೆ ಮೊಣಕೈ ಊರಿ ನಿಲ್ಲುತ್ತದೆ. ದಿನಾ ನಿಂತಿತು. ತಂಗಿಯ ಎಳೆಯ ಚರ್ಮ ಅದನ್ನು ಕುಡಿಯಿತು. ಮೊದಲು ಕೆನ್ನೆಯ ಮೇಲೆ ಚಹಾ ಚೆಲ್ಲಿದಂಥ ಕಲೆ, ಆಮೇಲೆ ಹಣೆಯಲ್ಲಿ, ಮೂಗಿನ ಪಕ್ಕದಲ್ಲಿ. ಅದನ್ನು ಹೋಗಿಸಲು ಅಂಗಡಿಯ ಕ್ರೀಮುಗಳನ್ನೆಲ್ಲ ಒಂದಾದ ಮೇಲೊಂದರಂತೆ ಹಚ್ಚಿದಳು. ಅಷ್ಟು ವರ್ಷ ಮಾರಿದ್ದನ್ನು ಅವಳು ನಂಬಿ ಹಚ್ಚಿದ್ದು ಅದೇ ಮೊದಲು. ಕಲೆಗಳು ಕೈಕೈ ಹಿಡಿದುಕೊಂಡು ಒಂದಾದವು.

ಎರಡನೇ ಫೋಟೋಗೆ ಹೋದ ದಿನ ಡಾಕ್ಟರು ಅವಳ ಗಲ್ಲ ಹಿಡಿದು ಮತ್ತೆ ಬೆಳಕಿಗೆ ತಿರುಗಿಸಿ ನೋಡಿದ.

"ಬಿಸಿಲಿಗೆ ಹೋಗಿದ್ರಾ?"

"ನಾನೆಲ್ಲಿ ಹೋದೆ? ಬಿಸಿಲೇ ಅಂಗಡಿಗೆ ಬಂತು ಡಾಕ್ಟ್ರೇ."

"ಹೇಳಿದ್ದೆ ತಾನೇ? ಈಗ ನೋಡಿ, ಹೋದ ವಯಸ್ಸು ಹೋಯ್ತು, ಅದರ ಜಾಗಕ್ಕೆ ಕಲೆ ಬಂತು!" ಎಂದು ರೇಗಿದ. ಆಮೇಲೆ ನನ್ನ ಕಡೆಗೂ ತಿರುಗಿ, "ಮನೇಲಿ ದೊಡ್ಡವರು ಇದ್ದೂ ಹೀಗಾ?" ಎಂದ. ಚರ್ಮ ಅವಳದು, ಮಿಷನ್ನು ಅವನದು, ಬೈಗುಳದಲ್ಲಿ ನನಗೂ ಪಾಲು ಕೊಟ್ಟ. ಹೇಗೂ ಬಂದಿದ್ದಾರಲ್ಲ ಎಂದು ನರ್ಸು ತಂಗಿಯ ಫೋಟೋ ತೆಗೆದುಕೊಂಡಳು. ತಂಗಿ ಅಳುತ್ತಿದ್ದಳು. ದುಃಖದಲ್ಲಿರಿ ಎಂದು ಅವಳಿಗೆ ಯಾರೂ ಹೇಳಬೇಕಾಗಿ ಬರಲಿಲ್ಲ.

ಕೆಲವು ದಿನ ಕಳೆದು ಹೊಲಿದ ಪ್ಯಾಂಟುಗಳನ್ನು ದರ್ಜಿಗೆ ಕೊಡಲು ಆ ಬೀದಿಗೆ ಹೋದೆ. ಟೈರಿನ ಅಂಗಡಿಯವನು ನನ್ನನ್ನು ನೋಡಿದ, ತಲೆಯೆತ್ತಿ ಮೇಲೆ ನೋಡಿದ, ಮತ್ತೆ ನನ್ನನ್ನು ನೋಡಿ ಎದ್ದು ನಿಂತ. ಅಂಥ ಗೌರವ ನನಗೆ ಹೊಸದು. ನಾನೂ ತಲೆಯೆತ್ತಿದೆ.

ಮಹಡಿಯ ಉದ್ದಕ್ಕೂ ಬೋರ್ಡು. ಎರಡು ಮುಖ, ಒಂದೊಂದೂ ಬಾಗಿಲಿನಷ್ಟು ದೊಡ್ಡದು. ನಾನು ಓದಿದ್ದು ಕಡಿಮೆ, ಅಕ್ಷರಗಳನ್ನು ಕೂಡಿಸಿಕೊಂಡೇ ಓದಬೇಕು. ಎಡಗಡೆ ತಂಗಿ, ಕಲೆಗಳು, ಒದ್ದೆ ಕಣ್ಣು. ಅದರ ಕೆಳಗೆ ಮೊ, ದ, ಲು. ಬಲಗಡೆ ನಾನು, ನರ್ಸಿನ ಜೊತೆ ನಗುತ್ತ. ಅದರ ಕೆಳಗೆ ‘ನಂತರ’.

ಮತ್ತೊಮ್ಮೆ ಕೂಡಿಸಿ ಓದಿದೆ. ಅಕ್ಷರಗಳು ಬದಲಾಗಲಿಲ್ಲ. ಮುಖಕ್ಕೆ ನೀರು ಬಿಟ್ಟು ಬೇರೇನೂ ಸೋಕಿಸದ ನಾನು ಆ ಮಿಷನ್ನಿನ ಮಹಿಮೆ. ಮಿಷನ್ನಿನ ಕೆಳಗೆ ಮಲಗಿ ಎದ್ದು ಬಂದವಳು, ಮಿಷನ್ನು ಇಲ್ಲದಿದ್ದರೆ ನಾವೆಲ್ಲ ಹೇಗಿರುತ್ತೇವೆಂದು ಜನರನ್ನು ಹೆದರಿಸಲು.

ಮೆಟ್ಟಿಲು ಹತ್ತಿ ಡಾಕ್ಟರ ಮುಂದೆ ನಿಂತೆ. "ನನ್ನ ಮುಖ ಇಳಿಸಪ್ಪ."

"ಯಾಕಮ್ಮ? ನಿಮ್ಮನ್ನ ಚೆನ್ನಾಗಿ ತೋರಿಸಿದ್ದೀವಿ ತಾನೇ? ಸಿಟ್ಟು ಬರಬೇಕಾದ್ದು ಎಡಗಡೆಯವರಿಗೆ."

"ನಾನು ಏನೂ ಮಾಡಿಸಿಲ್ಲವಲ್ಲ."

"ಸುಳ್ಳು ಏನಿದೆ ಹೇಳಿ. ನಿಮ್ಮ ತಂಗಿ ಮುಖ ಸರಿಹೋದ ಮೇಲೆ ಹೇಗಿರತ್ತೆ? ನಿಮ್ಮ ಹಾಗೇ ಇರತ್ತೆ. ಅದನ್ನೇ ಸ್ವಲ್ಪ ಮುಂಚೆ ಹಾಕಿದ್ದೀವಿ." ಆಮೇಲೆ ದನಿ ಇಳಿಸಿದ. "ಅವರ ಕಲೆ ತೆಗೆಯೋದು ನನ್ನ ಜವಾಬ್ದಾರಿ, ಪುಕ್ಕಟೆ. ಬೋರ್ಡು ಇದ್ರೆ ಕ್ಲಿನಿಕ್ಕು ಇರತ್ತೆ, ಕ್ಲಿನಿಕ್ಕು ಇದ್ರೆ ತಾನೇ ನಾನು ಮಾಡೋದು? ನೀವು ಮಾತ್ರ ಈ ಬೀದಿಗೆ ಬರುವಾಗ ಮುಖಕ್ಕೆ ಏನಾದ್ರೂ ಸುತ್ಕೊಂಡು ಬನ್ನಿ. ಇಬ್ಬರನ್ನೂ ಒಟ್ಟಿಗೆ ಜನ ನೋಡಬಾರದು."

ಮನೆಗೆ ಬಂದು ತಂಗಿಗೆ ಹೇಳೋಣವೆಂದರೆ ಅವಳೇ ಕುಣಿಯುತ್ತ ಬಂದಳು. ಚಿಕ್ಕ ಯಜಮಾನ ಬೋರ್ಡು ನೋಡಿದ್ದ. ನಾನು ಅಂಗಡಿಯ ಕಡೆ ಹೋದವಳಲ್ಲ, ಅವನು ನನ್ನನ್ನು ಕಂಡವನಲ್ಲ. ಎಡಗಡೆಯದು ತಂಗಿಯ ಈಗಿನ ಮುಖ, ಬಲಗಡೆಯದು ಕೋರ್ಸು ಮುಗಿದ ಮೇಲೆ ಬರುವ ಮುಖ, ಮಿಷನ್ನಿನವರು ಕಂಪ್ಯೂಟರಿನಲ್ಲಿ ಮುಂಗಡವಾಗಿ ತೆಗೆದು ಹಾಕಿದ್ದಾರೆ ಎಂದುಕೊಂಡಿದ್ದ. ಡಾಕ್ಟರನ್ನು ಕೇಳಿದ್ದಕ್ಕೆ ಅವನೂ ಹೌದು ಎಂದಿದ್ದನಂತೆ.

"‘ಆಂಟಿ, ಅರ್ಧಕ್ಕೇ ಬಿಡಬೇಡಿ, ಈ ಮುಖ ಬರೋ ತನಕ ಕೌಂಟರು ನಿಮ್ಮದೇ’ ಅಂದ ಕಣೇ! ಗೋಡೌನಿನ ಮಾತೇ ಇಲ್ಲ. ಸ್ಟಾಕ್ ಎಣಿಸಿದ ದಿನ ಎಲ್ಲರ ಮುಂದೆ ಹೇಳ್ತಾನಂತೆ."

"ಬಲಗಡೆ ಇರೋದು ನಾನು."

"ಗೊತ್ತು. ನಿನ್ನ ಮುಖ ನನಗೆ ಗೊತ್ತಿಲ್ವಾ?"

"ಎಡಗಡೆ ನಿನ್ನನ್ನ ನೋಡಿದ್ಯಾ?"

ಅವಳು ಚಪ್ಪಲಿ ಬಿಟ್ಟು ಗೋಡೆಯ ಪಕ್ಕ ಸರಿಯಾಗಿ ಜೋಡಿಸಿದಳು. ಯಾವತ್ತೂ ಜೋಡಿಸಿದವಳಲ್ಲ. "ನೋಡ್ದೆ," ಎಂದಳು. "ಇರ್ಲಿ ಬಿಡು."

ಹಾಗೆ ನಾನು ತಲೆಗೆ ಮುಖಕ್ಕೆ ಶಾಲು ಸುತ್ತಿಕೊಂಡು ಓಡಾಡತೊಡಗಿದೆ. ‘ನಂತರ’ ಕಳ್ಳಿಯ ಹಾಗೆ ಗೋಡೆ ಸವರಿಕೊಂಡು ನಡೆಯುತ್ತಿದ್ದಳು, ‘ಮೊದಲು’ ಕೌಂಟರಿನ ಹಿಂದೆ ಎದೆಯೆತ್ತಿ ನಿಂತಿದ್ದಳು. ಚಿಕ್ಕ ಯಜಮಾನ ಬೋರ್ಡಿನದೇ ಚಿಕ್ಕ ನಕಲು ಮಾಡಿಸಿ ಅಂಗಡಿಯಲ್ಲಿ ತಂಗಿಯ ತಲೆಯ ಮೇಲೆ ತೂಗುಹಾಕಿದ್ದ. ಜನ ಕ್ರೀಮು ಕೊಂಡರು. ಬೋರ್ಡಿನಲ್ಲಿ ಕ್ರೀಮಿನ ಹೆಸರೇ ಇರಲಿಲ್ಲ. ಮುಖ ಚೆನ್ನಾಗಿದ್ದರೆ ಅದರ ಕೆಳಗಿಟ್ಟ ಡಬ್ಬಿಯೇ ಕಾರಣ ಎಂದು ಜನ ತಾವಾಗಿಯೇ ತಿಳಿದುಕೊಳ್ಳುತ್ತಾರೆ, ಅವರಿಗೆ ಸುಳ್ಳು ಹೇಳುವ ಕಷ್ಟ ಕೂಡ ಅಂಗಡಿಯವರಿಗಿಲ್ಲ.

ಹೀಗೆಯೇ ನಡೆದು ಹೋಗುತ್ತಿತ್ತೇನೋ. ಎದುರು ಮನೆಯ ಹುಡುಗಿ ಪ್ಯಾಂಟಿನ ಅಂಚು ಹೊಲಿಸಲು ಬಂದಳು. ಒಂದು ಛಾಪಖಾನೆಯಲ್ಲಿ ಕೆಲಸಕ್ಕಿದ್ದವಳು. ಮೊಡವೆ ಬಂದು ಮಾಗಿ ಕೆನ್ನೆಯ ತುಂಬ ಸಣ್ಣ ಸಣ್ಣ ಕುಳಿಗಳು. ಮಾತಾಡುವಾಗ ಅಂಗೈಯಿಂದ ಒಂದು ಕೆನ್ನೆ ಮುಚ್ಚಿಕೊಳ್ಳುವ ಅಭ್ಯಾಸ. ಅವತ್ತು ಮುಚ್ಚಿಕೊಂಡಿರಲಿಲ್ಲ.

"ದೊಡ್ಡಮ್ಮ, ನಿಜ ಹೇಳಿ. ಬೋರ್ಡಲ್ಲಿ ಬಲಗಡೆ ಇರೋದು ನೀವೇ ತಾನೇ?"

ಸೂಜಿಗೆ ದಾರ ಪೋಣಿಸುವ ನೆಪ ಮಾಡಿದೆ.

"ಎಲ್ಲರೂ ಚಿಕ್ಕಮ್ಮ ಅಂತಾರೆ. ನಾನು ದಿನಾ ನೋಡ್ತೀನಲ್ಲ, ನೀವು ನಕ್ಕರೆ ಒಂದು ಕಡೆ ತುಟಿ ಮೇಲೆ ಹೋಗತ್ತೆ. ನೀವೂ ಮಾಡಿಸ್ಕೊಂಡ್ರಾ? ಎಷ್ಟು ಚೆನ್ನಾಗಿ ಬಂದಿದೆ! ನಾನೂ ಮಾಡಿಸ್ತಿದ್ದೀನಿ, ಸೋಮವಾರ. ಸ್ಕೂಟರ್ ಮಾರಿಬಿಟ್ಟೆ."

"ಕೆಲಸಕ್ಕೆ ಹೇಗೆ ಹೋಗ್ತೀಯ?"

"ನಡ್ಕೊಂಡು. ಬಿಸಿಲು ಸ್ವಲ್ಪ ಜಾಸ್ತಿ, ಅಷ್ಟೇ."

ನಾನು ಮೊದಲಿನಿಂದಲೂ ಮಾತು ಕಡಿಮೆಯವಳು, ಸುಮ್ಮನಿರುವುದು ನನಗೆ ಯಾವತ್ತೂ ಭಾರವಾಗಿದ್ದಿಲ್ಲ. ಅವತ್ತು ಮಾತ್ರ ಭಾರವಾಯಿತು. ಪ್ಯಾಂಟು ತೆಗೆದಿಟ್ಟುಕೊಂಡು ಹುಡುಗಿಯನ್ನು ಕಳಿಸಿದೆ. ಊಟಕ್ಕೆ ಕೂತಾಗ ತಂಗಿಗೆ ಎಲ್ಲ ಹೇಳಿದೆ.

"ಹೇಳಿಬಿಟ್ಯಾ ಅವಳಿಗೆ?" ಅವಳ ಕೈ ತಟ್ಟೆಯಲ್ಲೇ ನಿಂತಿತು.

"ಇಲ್ಲ."

"ಹೇಳ್ಬೇಡ. ಶನಿವಾರ ಸ್ಟಾಕ್ ಎಣಿಸೋದು ಮುಗಿಯತ್ತೆ. ಅವನು ಎಲ್ಲರ ಮುಂದೆ ಒಂದು ಮಾತು ಹೇಳಿಬಿಟ್ರೆ ಆಮೇಲೆ ವಾಪಸ್ ತಗೊಳ್ಳೋಕೆ ಆಗಲ್ಲ."

"ಅವಳು ಬಿಸಿಲಲ್ಲಿ ನಡ್ಕೊಂಡು ಹೋಗ್ತಾಳಂತೆ ಕಣೇ. ಆ ಚರ್ಮ ಇಟ್ಕೊಂಡು."

"ಅವಳ ಚರ್ಮ ಬೇರೆ. ನನ್ನ ಹಾಗೇ ಆಗ್ಬೇಕು ಅಂತೇನಿದೆ?"

"ಬೇರೆ ಆಗ್ಬಹುದು. ಆದ್ರೆ ಅವಳು ನೋಡಿ ನಂಬಿದ್ದು ನನ್ನ ಮುಖಾನ. ನನ್ನ ಮುಖಕ್ಕೆ ಯಾರೂ ಏನೂ ಮಾಡಿಲ್ಲ."

"ನಿನಗೇನಮ್ಮ, ಹೇಳ್ತೀಯ!" ತಂಗಿ ತಟ್ಟೆ ದೂಡಿದಳು. "ನೀನು ಬಲಗಡೆ ಕೂತಿದ್ದೀಯ. ಎಡಗಡೆ ಕೂತು ನೋಡು ಗೊತ್ತಾಗತ್ತೆ. ಮುಖ ಅಂತೂ ಹೋಯ್ತು. ಕೌಂಟರಾದ್ರೂ ಇರ್ಲಿ ಬಿಡೇ."

ನಾನು ಒತ್ತಾಯ ಮಾಡಲಿಲ್ಲ. "ಅವಳು ಔಷಧಿ ಕೊಳ್ಳೋಕೆ ನಿನ್ನ ಅಂಗಡಿಗೇ ಬರ್ತಾಳೆ. ನೀನೇ ಮಾತಾಡು," ಎಂದೆ ಅಷ್ಟೇ. ಅವಳು ಆ ರಾತ್ರಿ ನನ್ನ ಕಡೆ ಬೆನ್ನು ಮಾಡಿ ಮಲಗಿದಳು. ನಾನು ಹೇಳದೆ ಬಿಟ್ಟದ್ದು ಅವಳಿಗೆ ಹೇಳಿದ್ದಕ್ಕಿಂತ ಹೆಚ್ಚು ತೊಂದರೆ ಕೊಟ್ಟಿತೆಂದು ಕಾಣುತ್ತದೆ.

ಶನಿವಾರ ಬೆಳಿಗ್ಗೆ ಅವಳು ಕನ್ನಡಕ ಮರೆತು ಹೋದಳು. ಕನ್ನಡಕವಿಲ್ಲದೆ ಸ್ಟಾಕ್ ಹೇಗೆ ಎಣಿಸುತ್ತಾಳೆ? ಶಾಲು ಸುತ್ತಿಕೊಂಡು ತೆಗೆದುಕೊಂಡು ಹೋದೆ. ಎಷ್ಟೋ ವರ್ಷದ ಮೇಲೆ ಆ ಅಂಗಡಿಯ ಹೊಸ್ತಿಲು ದಾಟಿದ್ದೆ. ಎಣಿಕೆ ಮುಗಿದೇ ಹೋಗಿತ್ತು. ಕೌಂಟರಿನ ಹಿಂದೆ ತಂಗಿ, ಪಕ್ಕದಲ್ಲಿ ಸ್ಟೂಲು ಕಳೆದುಕೊಂಡು ನಿಂತ ಹೊಸ ಹುಡುಗಿ, ಗಲ್ಲಾದಲ್ಲಿ ಚಿಕ್ಕ ಯಜಮಾನ. ಕೌಂಟರಿನ ಈಚೆಗೆ ಎದುರು ಮನೆಯ ಹುಡುಗಿ. ಚಿಕಿತ್ಸೆಯ ಮೇಲೆ ಹಚ್ಚುವ ಮುಲಾಮು, ಹತ್ತಿ, ಬಿಸಿಲಿನ ಕ್ರೀಮು ಎಲ್ಲ ಆರಿಸಿ ಗಾಜಿನ ಮೇಲೆ ಇಟ್ಟುಕೊಂಡಿದ್ದಳು.

"ಚಿಕ್ಕಮ್ಮ, ತುಂಬ ನೋಯತ್ತಾ?" ಎಂದು ಕೇಳುತ್ತಿದ್ದಳು.

"ಸ್ವಲ್ಪ," ಎಂದಳು ತಂಗಿ.

"ನೋಯ್ಲಿ ಬಿಡಿ. ಕೊನೆಗೆ ಹಾಗೆ ಆಗತ್ತಲ್ಲ." ಹುಡುಗಿ ಗೋಡೆಯ ಮೇಲಿನ ನನ್ನ ಮುಖದ ಕಡೆ ಕೈ ತೋರಿಸಿದಳು.

"ಆಗೇ ಆಗತ್ತೆ!" ಎಂದ ಚಿಕ್ಕ ಯಜಮಾನ ಗಲ್ಲಾದಿಂದ. "ಆಂಟಿಗೂ ಇನ್ನೇನು ಆಗ್ತಾ ಇದೆ. ಅದಕ್ಕೇ ಹೇಳ್ತಿದ್ದೀನಿ, ಎಲ್ಲರೂ ಕೇಳಿ, ಕೌಂಟರು ಇನ್ನು ಮೇಲೆ..."

"ನಿಲ್ಲಪ್ಪ," ಎಂದಳು ತಂಗಿ.

ಅವನು ನಿಂತ. ತಂಗಿ ಬಾಗಿಲಲ್ಲಿ ನನ್ನನ್ನು ನೋಡಿದ್ದಳು. ಕೌಂಟರಿನ ಹಲಗೆ ಎತ್ತಿ ಈಚೆಗೆ ಬಂದಳು, ನನ್ನ ಮೊಣಕೈ ಹಿಡಿದು ಗೋಡೆಯ ಬೋರ್ಡಿನ ಕೆಳಗೆ ಎಳೆದುಕೊಂಡು ಹೋಗಿ ನಿಲ್ಲಿಸಿದಳು. ಶಾಲನ್ನು ಕೆಳಗೆ ಎಳೆದಳು. ತಾನು ಪಕ್ಕದಲ್ಲಿ ನಿಂತಳು.

"ನೋಡು ಮಗಳೇ. ಇವಳು ನನ್ನ ಅಕ್ಕ. ಮಿಷನ್ನು ಮಾಡಿಸಿಲ್ಲ, ಕ್ರೀಮು ಹಚ್ಚಿಲ್ಲ, ಏನೂ ಇಲ್ಲ. ಬಲಗಡೆ ಇರೋದು ಇವಳು. ಮಿಷನ್ನು ಮಾಡಿಸ್ಕೊಂಡವಳು ನಾನು. ಮಾಡಿಸ್ಕೊಂಡು, ಹೇಳಿದ್ದು ಕೇಳದೆ ಓಡಿ ಬಂದು, ಈ ಅಂಗಡೀಲಿರೋ ಎಲ್ಲ ಡಬ್ಬಿ ಖಾಲಿ ಮಾಡ್ದವಳು ನಾನು. ಇದು ಅದರ ನಂತರ."

ಕೈಯಲ್ಲಿ ಡಬ್ಬಿ ಹಿಡಿದಿದ್ದ ಒಬ್ಬಾಕೆ ಅದನ್ನು ಮಲಗಿದ ಮಗುವಿನ ಹಾಗೆ ಮೆಲ್ಲಗೆ ಕೆಳಗಿಟ್ಟು ಹೊರಗೆ ಹೋದಳು. ಎದುರು ಮನೆಯ ಹುಡುಗಿಯ ಅಂಗೈ ತಾನಾಗಿ ಎದ್ದು ಕೆನ್ನೆಯನ್ನು ಮುಚ್ಚಿತು. ನನ್ನನ್ನೇ ನೋಡಿದಳು.

"ನಿಮಗೆ ಗೊತ್ತಿತ್ತು ದೊಡ್ಡಮ್ಮ. ಮೊನ್ನೆನೇ ಹೇಳಬಹುದಿತ್ತಲ್ಲ," ಎಂದಳು. ಔಷಧಿಗಳನ್ನು ಅಲ್ಲೇ ಬಿಟ್ಟು ನಡೆದುಬಿಟ್ಟಳು. ಸ್ಕೂಟರು ಅವಳಿಗೆ ಮತ್ತೆ ಸಿಗಲಿಲ್ಲ. ಆ ಪ್ಯಾಂಟು ಕೊಡಲು ಹೋದಾಗಲೂ ಅವಳು ಒಳಗಿನಿಂದ "ಅಲ್ಲೇ ಇಡಿ" ಎಂದಳು.

ಚಿಕ್ಕ ಯಜಮಾನ ಮಾತ್ರ ಬುದ್ಧಿವಂತ. ಅವನ ಮುಖದಲ್ಲಿ ಸಿಟ್ಟು ಬಂತು, ಹೋಯಿತು, ಅದರ ಜಾಗಕ್ಕೆ ವ್ಯಾಪಾರ ಬಂತು. ನನ್ನ ಸುತ್ತ ಒಂದು ಸುತ್ತು ಹಾಕಿದ.

"ಅಮ್ಮ, ನೀವು ಮುಖಕ್ಕೆ ಯಾವ ಸೋಪು ಹಾಕ್ತೀರಿ?"

"ಬಟ್ಟೆ ಸೋಪು ಸವೆದು ಸಣ್ಣ ತುಂಡಾಗತ್ತಲ್ಲ, ಅದು."

ಅದನ್ನು ಮಾರಬಹುದೋ ಎಂದು ಅವನು ಸ್ವಲ್ಪ ಹೊತ್ತು ನಿಜವಾಗಿಯೂ ಯೋಚಿಸಿದ. ಆಮೇಲೆ ಹೇಳಿದ, "ನೀವೇ ಬನ್ನಿ ಕೌಂಟರಿಗೆ. ಸುಮ್ನೆ ನಿಂತ್ಕೊಂಡ್ರೆ ಸಾಕು. ಮಾತಾಡೋದೇ ಬೇಡ."

ತಂಗಿ ಗಾಜಿನ ಹಲಗೆಯ ಅಂಚನ್ನು ಹಿಡಿದುಕೊಂಡಿದ್ದಳು. ಅಷ್ಟು ವರ್ಷ ಅವಳ ಕೈ ಆಡಿ ಆ ಅಂಚಿನ ಬಣ್ಣ ಹೋಗಿತ್ತು. ಅವಳು ನನ್ನ ಕಡೆ ನೋಡಲಿಲ್ಲ.

"ನಿಮ್ಮಪ್ಪ ಆಗಲೇ ನೋಡಿ ಬೇಡ ಅಂದಿದ್ದಾರಪ್ಪ," ಎಂದೆ. "ಅವರ ಮಾತು ಮೀರೋದು ಬೇಡ."

ಸೋಮವಾರದಿಂದ ತಂಗಿ ಗೋಡೌನಿಗೆ ಹೋದಳು. ಡಾಕ್ಟರು ಬೋರ್ಡಿನ ಎಡ ಅರ್ಧವನ್ನು ಕತ್ತರಿಸಿ ತೆಗೆಸಿದ. ಬಲಗಡೆ ಚೆನ್ನಾಗಿದೆ, ಯಾಕೆ ಹಾಳು ಮಾಡಬೇಕು ಎಂದನಂತೆ. ನಾನು ಒಬ್ಬಳೇ ಬಹಳ ದಿನ ಟೈರಿನ ಅಂಗಡಿಯ ಮೇಲೆ ನಗುತ್ತ ನಿಂತಿದ್ದೆ. ಬಿಸಿಲು ಮಳೆಗೆ ಬಣ್ಣ ಏಳತೊಡಗಿ ಹಣೆಯಲ್ಲಿ, ಮೂಗಿನ ಪಕ್ಕದಲ್ಲಿ ನನಗೂ ಕಲೆ ಬಂದವು. ಬೋರ್ಡಿಗೆ ಮಾಡುವ ಮಿಷನ್ನು ಇನ್ನೂ ಬಂದಿಲ್ಲವೇನೋ, ಕೊನೆಗೆ ಇಳಿಸಿದರು.

ಒಂದು ದಿನ ಮಧ್ಯಾಹ್ನ ತಂಗಿಗೆ ಊಟ ತೆಗೆದುಕೊಂಡು ಗೋಡೌನಿಗೆ ಹೋದೆ. ಕಿಟಕಿಯಿಲ್ಲದ ಕೋಣೆ, ಒಂದು ಬಲ್ಬು, ಸೂರಿನ ತನಕ ಪೆಟ್ಟಿಗೆಗಳು. ಅವಳು ನೆಲದ ಮೇಲೆ ಕೂತು ಡಬ್ಬಿಗೆ ಲೇಬಲ್ಲು ಅಂಟಿಸುತ್ತಿದ್ದಳು. ಮುಂದಿನ ಕೌಂಟರಿನಿಂದ ಹೊಸ ಹುಡುಗಿಯ ದನಿ ಬಂತು. "ಆಂಟೀ, ಒಣ ಚರ್ಮಕ್ಕೆ ಯಾವುದು ಕೊಡ್ಲಿ?"

"ಹಸಿರು ಮುಚ್ಚಳದ್ದು! ಮೂರು ಸಲ ಹೇಳಿದ್ದೀನಿ!" ಎಂದು ತಂಗಿ ಗೋಡೆಗೆ ಕೂಗಿದಳು. ಆಮೇಲೆ ನನ್ನ ಕಡೆ ತಿರುಗಿ, "ದಡ್ಡಿ. ಒಂದೂ ಗೊತ್ತಾಗಲ್ಲ. ಇಡೀ ಬೀದಿ ಸುದ್ದಿ ಅವಳ ಹತ್ರ ಬರತ್ತೆ, ಒಂದನ್ನಾದ್ರೂ ಸರಿಯಾಗಿ ತಂದು ಹೇಳ್ತಾಳಾ? ಅರ್ಧಂಬರ್ಧ."

ನಾನು ಊಟದ ಡಬ್ಬಿ ಬಿಚ್ಚಿದೆ. ಅವಳು ಮುಂದಲೆ ಸವರಿಕೊಂಡು, "ಇಲ್ಲಿ ಕನ್ನಡಿ ಇಲ್ಲ ಕಣೇ. ನನ್ನ ಮುಖ ನಾನೇ ನೋಡಿ ಎಷ್ಟು ದಿನ ಆಯ್ತೋ. ಎದುರಿಗೆ ಬಾ," ಎಂದಳು.

ನಾನು ಬಲ್ಬಿನ ಕೆಳಗೆ ಕೂತೆ. ಅವಳು ನನ್ನ ಮುಖ ನೋಡಿಕೊಂಡು ತನ್ನ ಕೂದಲು ಸರಿಮಾಡಿಕೊಂಡಳು, ಬೈತಲೆ ತೆಗೆದಳು. ಕತ್ತಲೆಯಲ್ಲಿ ಕೂತು ಕೂತು ಅವಳ ಕಲೆಗಳು ತಿಳಿಯಾಗಿದ್ದವು. ಡಾಕ್ಟರು ಹೇಳಿದ್ದ ನೆರಳು ಕೊನೆಗೆ ಸಿಕ್ಕಿತ್ತು, ನೋಡುವವರು ಯಾರೂ ಇಲ್ಲದ ಕಡೆ.

"ಹೇಗಿದ್ದೀನಿ?"

"ಚೆನ್ನಾಗಿದ್ದೀಯ."

"ನೀನು ಯಾವತ್ತೂ ಯಾರಿಗೂ ಹಾಗಂದವಳಲ್ಲ. ಅಷ್ಟೊಂದು ಕೆಟ್ಟದಾಗಿದ್ದೀನಾ?"

ಬೆರಳಿಗೆ ಅಂಟಿದ್ದ ಲೇಬಲ್ಲನ್ನು ತೆಗೆದು ನನ್ನ ಹಣೆಗೆ ಅಂಟಿಸಿ, ಹಿಂದೆ ಸರಿದು ನೋಡಿದಳು. ಅದರ ಮೇಲೆ ಏನು ಬರೆದಿತ್ತೋ, ಹಣೆಯ ಮೇಲಿನದನ್ನು ನಾನು ಓದುವುದು ಹೇಗೆ? "ಏನಂತಿದೆಯೇ?" ಎಂದೆ. ಅವಳು ಹೇಳಲು ಬಾಯಿ ತೆರೆದವಳು ಹೇಳಲಾಗದೆ ನಗತೊಡಗಿದಳು. ಮಿಷನ್ನು ಚಿಟಚಿಟ ಎಂದು ಸುಟ್ಟು ತೆಗೆದಿದ್ದ ಗೆರೆಗಳು ಅವಳ ಕಣ್ಣಂಚಿನಲ್ಲಿ ಒಂದೊಂದಾಗಿ ಬಂದು ಕೂತವು.

"ನಗಿಸ್ಬೇಡ್ವೇ," ಎಂದಳು, ಕೆನ್ನೆ ಹಿಡಿದುಕೊಂಡು. "ಅನ್ನ ಬಡಿಸು ಮೊದಲು."